ಮೆಟ್ಟಿಲು ಹತ್ತುವ ಲಿಫ್ಟ್ ಮೇಸ್ತ್ರಿ

ಹೆರಿಗೆ ಆಸ್ಪತ್ರೆಯ ಐದನೆಯ ಮಹಡಿಗೆ ಲಿಫ್ಟ್ ಮೇಸ್ತ್ರಿ ಮೆಟ್ಟಿಲು ಹತ್ತಿಕೊಂಡೇ ಬಂದ. ಏದುಸಿರು ಬಿಡುತ್ತಿದ್ದರೂ ಮುಖ ಮೊರದಗಲ ಅರಳಿತ್ತು. ಮಗಳಿಗೆ ಹೆಣ್ಣು ಮಗು ಹುಟ್ಟಿ ಮೂರು ದಿನ; ಇವತ್ತು ಮನೆಗೆ!

"ಏನು ಬೀಗರೇ, ಊರಿನ ಅರ್ಧ ಲಿಫ್ಟು ನಿಮ್ಮ ಕೈಯಲ್ಲಿದೆ, ನೀವು ನೋಡಿದ್ರೆ ಮೆಟ್ಟಿಲು!" ಮಗಳ ಅತ್ತೆ ಕೆಣಕಿದರು.

"ವ್ಯಾಯಾಮ ಬೀಗಿತ್ತಿಯವರೇ, ವ್ಯಾಯಾಮ."

ಹನ್ನೊಂದು ತಿಂಗಳಿಂದ ಇದೇ ಉತ್ತರ. ತಿಂಗಳಿಗೊಮ್ಮೆ ಮಾಳಿಗೆಯ ಯಂತ್ರದ ಕೋಣೆಗೆ ಹೋಗಿ, ಬ್ರೇಕು ಅಳೆದು, ಲಿಫ್ಟಿನೊಳಗಿನ ಕಾರ್ಡಿಗೆ ಸಹಿ ಹಾಕಬೇಕೆಂಬುದು ನಿಯಮ. ಕಸುಬಿನವರ ರೂಢಿ ಬೇರೆ. ವರ್ಷದ ಮೊದಲ ವಾರ ಒಂದು ಲೋಟ ಚಹಾ ಮುಗಿಯುವುದರೊಳಗೆ ಹನ್ನೆರಡು ಸಹಿಯೂ ಬಿದ್ದಿರುತ್ತಿತ್ತು. ಅನುಮಾನ ಬರಬಾರದೆಂದು ಒಂದು ನೀಲಿ, ಒಂದು ಕಪ್ಪು. ಆ ಕಾರ್ಡನ್ನು ಈವರೆಗೆ ಯಾರೂ ಓದಿರಲಿಲ್ಲ. ಆದರೆ ತಾನು ಸಹಿ ಹಾಕಿದ ಲಿಫ್ಟನ್ನು ಹತ್ತಲು ಮೇಸ್ತ್ರಿಗೆ ಮಾತ್ರ ಧೈರ್ಯ ಬರುತ್ತಿರಲಿಲ್ಲ. ಮಂಡಿ ಸವೆದರೂ ಮೆಟ್ಟಿಲೇ ಗತಿ.

"ಲಿಫ್ಟ್ ಬಂತು!" ಅಳಿಯ ಕೂಗಿದ. ಗಾಲಿಕುರ್ಚಿಯಲ್ಲಿ ಮಗಳು, ಅವಳ ಮಡಿಲಲ್ಲಿ ಮುಷ್ಟಿಯಷ್ಟು ಮುಖ. ಬಾಗಿಲು ತೆರೆಯಿತು. ಬೀಗಿತ್ತಿ ಒಂದು ಕಾಲು ಒಳಗಿಟ್ಟೇಬಿಟ್ಟರು.

"ನಿಲ್ಲಿ!"

ಮಗು ಬೆಚ್ಚಿ ಅತ್ತಿತು.

"ಯಾರೂ ಹತ್ತಬೇಡಿ. ಈ ಲಿಫ್ಟನ್ನ ನಾನು ನೋಡೇ ಇಲ್ಲ."

"ಸಹಿ ಇದೆಯಲ್ಲಪ್ಪ?" ಮಗಳು ಕಾರ್ಡಿನತ್ತ ಬಗ್ಗಿದಳು. "ಅಯ್ಯೋ, ಮುಂದಿನ ತಿಂಗಳದ್ದೂ ಇದೆ!"

"ಸಹಿ ಇದೆಯಮ್ಮ. ನಾನಿರಲಿಲ್ಲ."

ಆಸ್ಪತ್ರೆಯ ಮ್ಯಾನೇಜರು ಓಡಿ ಬಂದರು. "ಮೆತ್ತಗೆ ಮಾತಾಡ್ರೀ! ಎಲ್ಲರೂ ಮಾಡೋದು ಹೀಗೇ. ಓಡ್ತಾ ಇದೆಯಲ್ಲ, ಸಾಲದಾ? ನಿಮ್ಮ ಕಂಪನಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ."

"ಗೊತ್ತಾಗಲಿ. ನಾನೇ ಹೇಳ್ತೀನಿ." ಲಿಫ್ಟಿನ ಸ್ವಿಚ್ ಆರಿಸಿ, ಅಲ್ಲೇ ನಿಂತು ಮೇಲ್ವಿಚಾರಕನಿಗೆ ಫೋನ್ ಮಾಡಿದ. ಸಹಿಯ ವಿಷಯ ಹೇಳುತ್ತಲೇ ಅತ್ತಲಿಂದ ಪ್ರಶ್ನೆ ಬಂತು.

"ಇನ್ನೆಷ್ಟು ಕಟ್ಟಡ ಹೀಗಿವೆ?"

"ಹದಿನಾಲ್ಕು."

"ನಾಳೆ ಬೆಳಿಗ್ಗೆ ಬಾ. ಕೆಲಸ ಉಳಿಯುತ್ತೆ ಅಂತ ಮಾತು ಕೊಡಲ್ಲ."

"ಕೊಡಬೇಡಿ. ಹದಿನಾಲ್ಕು ಕಟ್ಟಡದ ಲಿಫ್ಟಿಗೂ ಬೀಗ ಹಾಕ್ಸಿ, ಅಷ್ಟು ಸಾಕು."

ಮಾಳಿಗೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಬ್ರೇಕಿನ ಪಟ್ಟಿ ಉಗುರಿನಷ್ಟು ತೆಳ್ಳಗಾಗಿತ್ತು. ಅವನು ಹೆದರಿದಷ್ಟು ಕೆಟ್ಟಿರಲಿಲ್ಲ. ಹೆದರಬೇಕಿರಲಿಲ್ಲ ಅನ್ನುವಷ್ಟು ಚೆನ್ನಾಗಿಯೂ ಇರಲಿಲ್ಲ. ಕೋಣೆಯ ಪೆಟ್ಟಿಗೆಯಲ್ಲಿದ್ದ ಹೊಸ ಪಟ್ಟಿ ಕೂರಿಸಿ, ಅಳೆದು, ಮತ್ತೊಮ್ಮೆ ಅಳೆದು, ಒಬ್ಬನೇ ಮೂರು ಸಲ ಮೇಲೆ ಕೆಳಗೆ ಹೋಗಿ ಬಂದ. ಮೂರನೆಯ ಸಲ ಶಿಳ್ಳೆ ಹೊಡೆಯುತ್ತಿದ್ದ.

ಕಾರ್ಡಿನ ಹನ್ನೆರಡು ಸಹಿಗೂ ಅಡ್ಡಗೀಟು ಎಳೆದು, ಕೆಳಗೆ ಇವತ್ತಿನ ತಾರೀಖು ಬರೆದು, ಒಂದೇ ಒಂದು ಸಹಿ ಹಾಕಿದ.

"ಈಗ ಹತ್ತಬಹುದಾ ಬೀಗರೇ?"

ಅವನು ಕೈ ತೊಳೆದು ಬಂದು ಮೊಮ್ಮಗಳನ್ನು ಎತ್ತಿಕೊಂಡು, ಎಲ್ಲರಿಗಿಂತ ಮೊದಲು ಒಳಗೆ ಹೋಗಿ ನಿಂತ.

"ವ್ಯಾಯಾಮಕ್ಕೆ ರಜೆಯೋ?"

"ಇನ್ನು ಮುಂದೆ ಪೂರ್ತಿ ರಜೆ. ಬನ್ನಿ, ಬನ್ನಿ!"

ಕೆಳಗೆ ತಲುಪಿ ಎಲ್ಲರೂ ಇಳಿದರು. ಮೇಸ್ತ್ರಿ ಮಾತ್ರ ಮಗುವಿನೊಂದಿಗೆ ಅಲ್ಲೇ ನಿಂತಿದ್ದ, ಬೆರಳು ಐದರ ಗುಂಡಿಯ ಮೇಲೆ.

"ಇನ್ನೊಂದೇ ಸಲ," ಎಂದ.