ಒಂದೊಂದೇ ತುಂಬುವ ಮಷೀನು

ಹೊನ್ನಾಳಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ವಿನಯ್ ಕುಮಾರನಿಗೆ ಬೇಕಾಗಿದ್ದದ್ದು ಮೊಳದುದ್ದದ ಒಂದು ಕಬ್ಬಿಣದ ಸಾಮಾನು. ಅಷ್ಟೇ ಸ್ವಾಮಿ, ಅಷ್ಟೇ. ಅವನೇನು ವಿಮಾನ ಕೇಳಿದ್ದನೆ? ಅದಕ್ಕಾಗಿ ಅವನು ನಾಲ್ಕು ಊರು ಸುತ್ತಿ, ಕಂಡಕಂಡವರ ಬುದ್ಧಿಮಾತು ಕೇಳಿ, ತಲೆ ಚಿಟ್ಟು ಹಿಡಿಸಿಕೊಂಡದ್ದನ್ನು ನೆನೆದರೆ ನನಗೇ ಮೈ ಉರಿಯುತ್ತದೆ.

ವಿನಯ್ ಪಿಸ್ತೂಲು ಸ್ಪರ್ಧೆಯ ಆಟಗಾರ. ಲೈಸೆನ್ಸು, ಕ್ಲಬ್ಬು, ಕಾಗದಪತ್ರ ಎಲ್ಲ ಸರಿಯಾಗಿಟ್ಟುಕೊಂಡವನು. ಹೋದ ವರ್ಷ ರಾಜ್ಯದ ತಂಡಕ್ಕೆ ಮೂರೇ ಮೂರು ಅಂಕದಲ್ಲಿ ತಪ್ಪಿಹೋದ. ಕೈಯಲ್ಲಿ ದೋಷವಿರಲಿಲ್ಲ, ಅಭ್ಯಾಸ ಸಾಲದು. ಮಿಕ್ಕವರು ದಿನಕ್ಕೆ ಐವತ್ತು ಗುಂಡು ಹಾರಿಸಿದರೆ ಇವನು ತಿಂಗಳಿಗೆ ಐವತ್ತು. ಹೊಸ ಗುಂಡಿನ ರೇಟು ಮೇಷ್ಟ್ರ ಸಂಬಳಕ್ಕೆ ಎಟುಕುವಂಥದ್ದಲ್ಲ, ಎಟುಕಿದ ದಿನ ಅಂಗಡಿಯಲ್ಲಿ ಸ್ಟಾಕ್ ಇರುವುದಿಲ್ಲ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೇಸನ್ನು ಮತ್ತೆ ತುಂಬಿಕೊಂಡರೆ ಖರ್ಚು ಅರ್ಧಕ್ಕಿಂತ ಕಡಿಮೆ. ತುಂಬುವುದಕ್ಕೆ ಹಿಡಿ ಎಳೆದು ಒತ್ತುವ ಒಂದು ಪ್ರೆಸ್ಸು ಬೇಕು, ಅದಕ್ಕೂ ಮುಂಚೆ ಸರ್ಕಾರದ ಅನುಮತಿ ಬೇಕು. ವರ್ಷವಿಡೀ ಅಲೆದ ಮೇಲೆ ದಾವಣಗೆರೆಯ ಕಚೇರಿಯಲ್ಲಿ, "ಫೈಲ್ ಕೊನೇ ಟೇಬಲ್‌ಗೆ ಬಂದಿದೆ, ಅಷ್ಟರಲ್ಲಿ ಮಷೀನ್ ನೋಡಿಟ್ಕೊಳ್ಳಿ" ಅಂದಿದ್ದರು. ಈ ಸಲದ ಆಯ್ಕೆ ಸ್ಪರ್ಧೆಗೆ ಉಳಿದಿದ್ದದ್ದು ಎಂಟು ವಾರ. ಅವನಿಗೆ ಮೂವತ್ತೊಂಬತ್ತು. ಇನ್ನೆಷ್ಟು ವರ್ಷ ಕೈ ನೆಟ್ಟಗೆ ನಿಂತೀತು?

ಒಂದು ಭಾನುವಾರ ಕೂತು ಫೋನಿನಲ್ಲಿ ಮಷೀನುಗಳನ್ನೆಲ್ಲ ನೋಡಿದ. ಸುತ್ತಿಗೆಯಲ್ಲಿ ಬಡಿದು ಕೂರಿಸುವ ಕಿಟ್ಟು ಬಹಳ ಅಗ್ಗ, ಆದರೆ ಗಂಟೆಗೆ ಹತ್ತು ಆದರೆ ಹೆಚ್ಚು. ಹಿಡಿ ಎಳೆದಂತೆಲ್ಲ ತಟ್ಟೆ ತಿರುಗಿ ಸರಸರ ಗುಂಡು ಉದುರಿಸುವ ದೊಡ್ಡ ಮಷೀನು ಬೇರೆ ಇತ್ತು, ಅದರ ಬೆಲೆಗೆ ಬೈಕೇ ಬರುತ್ತಿತ್ತು. ಇವೆರಡರ ನಡುವೆ ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಸಣ್ಣ ಪ್ರೆಸ್ಸು. ನಿಧಾನ, ಆದರೆ ನೂರು ಗುಂಡು ತುಂಬಿದರೂ ನೂರೂ ಒಂದೇ ಥರ. ಗುರಿ ಹೊಡೆಯುವವನಿಗೆ ಇನ್ನೇನು ಬೇಕು? ಇದೇ ಸರಿ ಎಂದು ತೀರ್ಮಾನಿಸಿದ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಹೆಂಡತಿ ಮೇಘಶ್ರೀಗೆ ಹೇಳಿಬಿಟ್ಟ.

"ತಗೊಳ್ರಿ, ನಾನೇನ್ ಬ್ಯಾಡ ಅಂದ್ನಾ? ಅಪ್ಪಾಜಿಗೆ ಒಂದ್ ಮಾತು ಕೇಳ್ರಿ ಅಷ್ಟೆ" ಅಂದಳು ಅವಳು.

ಅವಳಪ್ಪ ಮಹೇಶ್ವರಪ್ಪ, ಚನ್ನಗಿರಿಯ ಅಡಿಕೆ ವ್ಯಾಪಾರಿ. ಆ ಬಳಗದಲ್ಲಿ ಮಿಕ್ಸಿಯಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಯಾವ ಮಷೀನೂ ಅವರ ಕಣ್ಣಿಗೆ ಬೀಳದೆ ಮನೆಯೊಳಗೆ ಬಂದದ್ದಿಲ್ಲ. ವಿನಯ್ ಫೋನಿನಲ್ಲಿ ಚಿತ್ರ ತೋರಿಸಿದ. ಮಾವ ಕನ್ನಡಕ ಏರಿಸಿಕೊಂಡರು.

"ಗಂಟೆಗೆ ಎಷ್ಟು ಬೀಳ್ತೈತೆ?"

"ನಲವತ್ತು, ಐವತ್ತು ಮಾವ."

"ಕ್ವಿಂಟಾಲಾ?"

"ಗುಂಡು ಮಾವ!"

"ಅಯ್ಯೋ ಶಿವನೇ! ಒಂದೊಂದೇ ತುಂಬೋ ಮಷೀನು ಯಾರಾದ್ರೂ ತಗಂತಾರೇನ್ರೀ? ನಾಕು ಜನ ನೋಡಿದ್ರೆ ಏನಂದಾರು? ಬರ್ರಿ, ನಮ್ ಷಣ್ಮುಖಪ್ಪನ್ನ ಕೇಳಾನ."

ಷಣ್ಮುಖಪ್ಪ ನ್ಯಾಮತಿಯಲ್ಲಿ ಲೇತ್ ಇಟ್ಟವನು, ಅಡಿಕೆ ಸುಲಿಯುವ ಮಷೀನಿಗೆ ಬಿಡಿಭಾಗ ಮಾಡಿಕೊಡುತ್ತಾನೆ. ಅವನು ಚಿತ್ರವನ್ನು ಅಡ್ಡ ಹಿಡಿದು ನೋಡಿದ, ಉದ್ದ ಹಿಡಿದು ನೋಡಿದ. "ಇದ್ರಾಗೆ ಏನೈತ್ರೀ? ಲಾರಿ ಜಾಕು ತಲೆಕೆಳಗೆ ಮಾಡಿದ್ರೆ ಇದೇ. ಅರ್ಧ ರೇಟಿಗೆ ಮಾಡ್ಕೊಡ್ತೀನಿ, ಮೇಲೊಂದು ಮೋಟ್ರು ಕೂರಿಸ್ತೀನಿ" ಅಂದ. ಮಾವನ ಮುಖ ಅರಳಿತು.

"ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೆ ಕೈ ಹೋಗ್ತದೆ ಕಣ್ರೀ" ಅಂದ ವಿನಯ್.

"ನಮ್ ಮಷೀನ್ನಾಗೆ ಇವತ್ತಿಗೂ ಯಾರ್ ಕೈನೂ ಹೋಗಿಲ್ಲ" ಎಂದು ಷಣ್ಮುಖಪ್ಪ ತನ್ನ ಎಡಗೈ ಎತ್ತಿ ತೋರಿಸಿದ. ಕಿರುಬೆರಳು ಇರಲಿಲ್ಲ. "ಬೆರಳು ಹೋಗೈತೆ, ಅಷ್ಟೆ."

ಅಲ್ಲಿಂದ ಮಾವನನ್ನು ಎಬ್ಬಿಸಿಕೊಂಡು ಬರುವಷ್ಟರಲ್ಲಿ ಎರಡು ಟೀ, ಒಂದು ಮಂಡಕ್ಕಿ, ಒಂದೂವರೆ ಗಂಟೆ ಹೋಯಿತು. ಎರಡು ವಾರ ಹೀಗೇ. ಒಂದು ದಿನ ಮೋಟರಿನ ಮಾತು, ಇನ್ನೊಂದು ದಿನ ಸಬ್ಸಿಡಿ ಇದೆಯೇನು ಎಂಬ ವಿಚಾರಣೆ. ಗುಂಡು ತುಂಬುವ ಪ್ರೆಸ್ಸಿಗೆ ಸಬ್ಸಿಡಿ! ಆದರೂ ಹೆಣ್ಣು ಕೊಟ್ಟ ಮಾವನ ಮೇಲೆ ರೇಗಲಾದೀತೆ?

ಕೊನೆಗೆ ಕ್ಲಬ್ಬಿನವರೊಬ್ಬರು ಜಗಳೂರಿನ ಹನುಮಣ್ಣನ ಹೆಸರು ಹೇಳಿದರು. ಪೊಲೀಸ್ ಇಲಾಖೆಯಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತನಾದವನು. ಅವನ ಹತ್ತಿರ ಒಂಟಿ ಎಳೆತದ ಹಳೇ ಪ್ರೆಸ್ಸು ಇತ್ತು, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮಗುವಿನಂತೆ ಜೋಪಾನ ಮಾಡಿದ್ದ. ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದ. ಹೇಳಿದ ರೇಟು ವಿನಯನ ಕೈಗೆ ಎಟುಕುವಂತಿತ್ತು.

"ಯಾವ ಕಂಪನಿ ಅಂತ ಕೇಳಬ್ಯಾಡ್ರಿ. ಹಿಡಿ ಎಳೀರಿ, ಅಲ್ಲಾಡ್ತೈತಾ ನೋಡ್ರಿ" ಅಂದ ಹನುಮಣ್ಣ. ಅಲ್ಲಾಡಲಿಲ್ಲ. "ಕಾಗದ ಬಂದ್ಮೇಲೆ ತೋರ್ಸಿ ತಗೊಂಡೋಗ್ರಿ. ಕಾಗದ ಇಲ್ದೆ ನಮ್ಮಪ್ಪ ಬಂದ್ರೂ ಕೊಡಲ್ಲ."

ಇಷ್ಟು ದಿನದಲ್ಲಿ ತಲೆ ನೆಟ್ಟಗಿರುವ ಒಬ್ಬ ಮನುಷ್ಯ ಸಿಕ್ಕಿದನಲ್ಲ ಎಂದು ವಿನಯನಿಗೆ ಅವನ ಕಾಲು ಮುಟ್ಟುವಷ್ಟು ಖುಷಿಯಾಯಿತು.

ವಾಪಸು ಬರುವಾಗ ಮಾವ ಕಾರಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಆಮೇಲೆ ಕೇಳಿದರು, "ನಿಮಗೊಬ್ರಿಗೆ ಎಷ್ಟು ಬೇಕು? ಮಿಕ್ಕಿದ್ದು?"

"ಮಿಕ್ಕಿದ್ದು ಅನ್ನೋದೇ ಇಲ್ಲ ಮಾವ. ನಂದು ನನಗೆ ಮಾತ್ರ. ಬೇರೆಯವರಿಗೆ ಒಂದೇ ಒಂದು ತುಂಬಿ ಕೊಟ್ರೂ ಜೈಲು."

ಮಾವ ಗಾಬರಿಯಾಗಿ ಕಾರಿನ ಗಾಜು ಏರಿಸಿದರು. "ಹಂಗೆಲ್ಲ ಅನ್ನಬ್ಯಾಡ್ರಿ. ಯಾರಾದ್ರೂ ಕೇಳಿಸ್ಕಂಡಾರು."

ಅವರನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಅವರ ಬಳಗದಲ್ಲಿ ಸುಲಿಯುವ ಮಷೀನು ಒಬ್ಬರ ಮನೆಗೆ ಬಂತೆಂದರೆ ಎಲ್ಲರ ಮನೆಗೂ ಬಂದಂತೆ. ಇವತ್ತು ನಿನ್ನ ಅಡಿಕೆ, ನಾಳೆ ನನ್ನದು. ಮುಯ್ಯಿಗೆ ಮುಯ್ಯಿ. ಹಿಂದಿನ ಕೊಯ್ಲಿನಲ್ಲಿ ಮಾವನ ಮಷೀನು ಕೆಟ್ಟಾಗ ಉಬ್ರಾಣಿಯ ಪಂಚಾಕ್ಷರಪ್ಪ ಎಂಟು ದಿನ ತನ್ನ ಕೆಲಸ ನಿಲ್ಲಿಸಿ ತನ್ನ ಮಷೀನು ಕಳಿಸಿದ್ದರು. ಆ ಪಂಚಾಕ್ಷರಪ್ಪನವರ ಹತ್ತಿರ ಲೈಸೆನ್ಸಿನ ರಿವಾಲ್ವರಿದೆ.

ಇದೆಲ್ಲ ವಿನಯನಿಗೆ ಹೊಳೆದದ್ದು ಮುಂದಿನ ಸೋಮವಾರ. ಕಚೇರಿಯಿಂದ ಫೋನು ಬಂತು, ಫೈಲು ನಿಂತಿದೆ. ಓಡಿದ. ಅರ್ಜಿದಾರನ ನಡತೆ ಎಂಥದು ಎಂದು ಹಿರಿಯರೊಬ್ಬರನ್ನು ವಿಚಾರಿಸುವುದು ಪದ್ಧತಿ. ಅರ್ಜಿಯಲ್ಲಿ ಮಾವನ ಹೆಸರಿತ್ತು, ಜಗಳೂರಿಗೆ ಹೋಗುವ ಮೊದಲೇ ಅವರನ್ನು ವಿಚಾರಿಸಿ ಹೋಗಿದ್ದರು. ಟೇಬಲಿನ ಯಶೋಧರಾ ಮೇಡಂ ಮಹೇಶ್ವರಪ್ಪನವರ ಹೇಳಿಕೆಯನ್ನು ಓದಿದರು.

"ನಮ್ಮ ಅಳಿಯ ಬಂಗಾರದಂಥ ಮನುಷ್ಯ. ತನಗೊಬ್ಬನಿಗೇ ಎಂದು ಯಾವತ್ತೂ ಇಟ್ಟುಕೊಂಡವನಲ್ಲ. ಮಷೀನು ಬಂದ ಮೇಲೆ ಉಬ್ರಾಣಿ ಪಂಚಾಕ್ಷರಪ್ಪನವರಿಗೂ, ಯಾರು ಬಂದು ಕೇಳಿದರೆ ಅವರಿಗೂ ಗುಂಡು ತುಂಬಿ ಕೊಡುತ್ತಾನೆ. ಒಂದು ಪೈಸೆ ಮುಟ್ಟುವುದಿಲ್ಲ." ಕೆಳಗೆ ದಪ್ಪ ಅಕ್ಷರದ ಸಹಿ.

ವಿನಯ್ ಬಗ್ಗಿ ಸಹಿ ನೋಡಿದ. ಮಾವನದೇ.

"ಗುರುವಾರ ಅವರೇ ಬಂದು ಹೇಳಿಕೆ ಸರಿಮಾಡಿ ಕೊಟ್ರೆ ನೋಡೋಣ. ಇಲ್ಲಾಂದ್ರೆ ಅರ್ಜಿ ವಜಾ, ಮತ್ತೆ ಮೊದಲಿಂದ" ಅಂದರು ಮೇಡಂ. ಮೊದಲಿಂದ ಎಂದರೆ ಇನ್ನೊಂದು ವರ್ಷ.

ಅವತ್ತು ಚನ್ನಗಿರಿಯಲ್ಲಿ ವಿನಯ್ ಮೊದಲ ಸಲ ಮಾವನ ಎದುರು ದನಿ ಏರಿಸಿದ. "ಏನ್ ಮಾಡಿದ್ರಿ ಮಾವ ನೀವು? ನನ್ನ ಕುತ್ತಿಗೆಗೇ ತಂದ್ರಲ್ಲ!"

ಮಹೇಶ್ವರಪ್ಪ ಬೆಪ್ಪಾಗಿ ನೋಡಿದರು. "ನಾನೇನ್ ಅಂದೆ? ಒಳ್ಳೇರು ಅಂದೆ."

"ಒಳ್ಳೇದು ಹೇಳಿ ಅಂತ ಯಾರು ಕೇಳಿದ್ರು?"

"ಮತ್ತೆ ಅಳಿಯನ ಬಗ್ಗೆ ವಿಚಾರಿಸಾಕೆ ಬಂದ್ರೆ ಕೆಟ್ಟದ್ದು ಹೇಳ್ಲೇನ್ರೀ?"

ಗುರುವಾರ ಕಾರಿನಲ್ಲಿ ದಾರಿಯುದ್ದಕ್ಕೂ ಪಾಠ. ಮಕ್ಕಳಿಗೆ ಡ್ರಿಲ್ ಹೇಳಿಕೊಡುವಾಗಲೂ ಅವನ ಗಂಟಲು ಇಷ್ಟು ಹರಿದಿರಲಿಲ್ಲ.

"ಹೇಳ್ರಿ ಮಾವ, ನಮ್ಮ ಅಳಿಯ ಯಾರಿಗೂ ತುಂಬಿ ಕೊಡಲ್ಲ."

"ನಮ್ಮ ಅಳಿಯ ಯಾರಿಗೂ... ಸುಮ್‌ಸುಮ್ಕೆ ತುಂಬಿ ಕೊಡಲ್ಲ."

"ಸುಮ್‌ಸುಮ್ಕೆ ಬ್ಯಾಡ!"

"ಯಾರಿಗೂ... ಜಾಸ್ತಿ ಕೊಡಲ್ಲ."

"ಅಯ್ಯೋ ಮಾವ, ದಮ್ಮಯ್ಯ!"

ಹಿಂದೆ ಕೂತ ಮೇಘಶ್ರೀ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ತಿರುಗಿ ನೋಡುವ ತಾಳ್ಮೆ ವಿನಯನಿಗಿರಲಿಲ್ಲ.

ಕಚೇರಿಯಲ್ಲಿ ಮಹೇಶ್ವರಪ್ಪ ಕೈಕಟ್ಟಿ ನಿಂತರು, ಕೂರಿ ಎಂದರೂ ಕೂರಲಿಲ್ಲ. ನೆಲ ನೋಡುತ್ತಾ ಒಂದೇ ಉಸಿರಿಗೆ ಹೇಳಿದರು, "ನಮ್ಮ ಅಳಿಯ ಯಾರಿಗೂ ತುಂಬಿ ಕೊಡಲ್ಲ. ನೆಂಟ್ರು ಬಂದು ಕೇಳಿದ್ರೂ ಕೊಡಲ್ಲ. ತನಗೊಬ್ಬನಿಗೇ."

ಮೇಡಂ ಬರೆದುಕೊಂಡು ಕಾಗದ ತಿರುಗಿಸಿ ಇಟ್ಟರು. ಮಾವ ಪೆನ್ನು ತೆಗೆದುಕೊಂಡರು. ಮತ್ತೆ ಕೆಳಗಿಟ್ಟರು.

"ಮನುಷ್ಯ ಜುಗ್ಗ ಅಲ್ಲ ತಾಯಿ. ಅದನ್ನೂ ಬರೀರಿ."

"ಅದಕ್ಕೆ ಇಲ್ಲಿ ಕಾಲಂ ಇಲ್ಲ ಯಜಮಾನ್ರೇ."

"ಹಂಗಾದ್ರೆ ಸಹಿ ಹಾಕಾಕೆ ಆಗಲ್ಲ."

ವಿನಯನಿಗೆ ತಲೆ ಗೋಡೆಗೆ ಚಚ್ಚಿಕೊಳ್ಳುವಂತಾಯಿತು. ಊಟದ ಹೊತ್ತು. ಮೇಡಂ ಗಡಿಯಾರ ನೋಡಿದರು, ಮಾವನನ್ನು ನೋಡಿದರು, ಕೊನೆಗೆ ಕಾಗದದ ಅಂಚಿನಲ್ಲಿ ಒಂದು ಸಾಲು ಸೇರಿಸಿದರು. "ಓದ್ರಿ" ಅಂದರು ಮಾವ. "ಸದರಿಯವರು ಕಾನೂನಿನ ಕಾರಣಕ್ಕೆ ಕೊಡುವುದಿಲ್ಲವೇ ಹೊರತು ಸ್ವಭಾವದಿಂದಲ್ಲ" ಎಂದು ಮೇಡಂ ಓದಿದರು. ಮಾವ ಇನ್ನೊಂದು ಸಲ ಓದಿಸಿಕೊಂಡು ಸಹಿ ಹಾಕಿದರು. ಸೋಮವಾರ ಕಾಗದ ಕೈಸೇರುತ್ತದೆ ಎಂದರು ಮೇಡಂ.

ಹೊರಗೆ ಬಂದಾಗ ವಿನಯನಿಗೆ ಹೊಟ್ಟೆಯೊಳಗೆ ಹಾಲು ಹೊಯ್ದಂತಿತ್ತು. ಇನ್ನೂ ಐದು ವಾರ ಉಳಿದಿತ್ತು. ಸಾಕು, ಧಾರಾಳ ಸಾಕು. ಮಾವ ಮಾತ್ರ ಮೆಟ್ಟಿಲ ಹತ್ತಿರವೇ ನಿಂತುಬಿಟ್ಟರು.

"ಪಂಚಾಕ್ಷರಪ್ಪಂಗೆ ಮಾತು ಕೊಟ್ಟಿದ್ದೆ."

"ನಾನೇ ಹೇಳ್ತೀನಿ ಬಿಡ್ರಿ ಮಾವ. ಕಾನೂನು ಹಿಂಗೈತೆ ಅಂದ್ರೆ ತಿಳ್ಕಂತಾರೆ."

"ತಿಳ್ಕಂತಾನೆ. ಆದ್ರೂ ಅಳಿಯ ಒಲ್ಲೆ ಅಂದ ಅಂತ ಮನಸ್ನಾಗೆ ಉಳೀತೈತೆ" ಎಂದು ಮಹೇಶ್ವರಪ್ಪ ಫೋನು ತೆಗೆದರು. ಆರು ತಾಲೂಕಿನಲ್ಲಿ ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲದ ಮನುಷ್ಯ. ಬಿಸಿಲಿಗೆ ಬೆನ್ನು ಹಾಕಿ, ಅಳಿಯನಿಗೆ ಕೇಳಿಸಬಾರದೆಂದು ನಾಲ್ಕು ಹೆಜ್ಜೆ ಆಚೆ ಹೋದರು. ಆದರೆ ಫೋನಿನಲ್ಲಿ ಮೆತ್ತಗೆ ಮಾತಾಡಿ ಅವರಿಗೆ ಅಭ್ಯಾಸವಿರಲಿಲ್ಲ.

"ಪಂಚಾಕ್ಷರಪ್ಪ, ಆ ಗುಂಡಿನ ವಿಚಾರ ಆಗಲ್ಲ ಕಣಪ್ಪ... ಇಲ್ಲ, ಇಲ್ಲ, ಅವರೇನೋ ಕೊಡ್ತೀನಿ ಅಂತಲೇ ಕುಂತಾರೆ. ನಾನೇ ಬ್ಯಾಡ ಅಂದೆ... ಹೂಂ ಕಣಪ್ಪ, ನಾನೇ. ಬೈಯೋದಿದ್ರೆ ನನಗೆ ಬೈಯಿ."

ಮೂರು ವಾರದಿಂದ ಮನಸ್ಸಿನಲ್ಲೇ ಅವರನ್ನು ಬೈಯುತ್ತಾ ಬಂದಿದ್ದ ವಿನಯನಿಗೆ ಮುಖ ಎತ್ತಲಾಗಲಿಲ್ಲ. ಓಡಿಹೋಗಿ ಕಾರಿನ ಬಾಗಿಲು ತೆಗೆದು ಹಿಡಿದು ನಿಂತ.