ಎರಡೂ ಎಡಗೈ ತೋಳು

ಮೂವತ್ತು ವರ್ಷ ಕತ್ತರಿ ಹಿಡಿದ ಕೈ ಇದು. ಆದರೂ ಬೆಳಗ್ಗೆ ಟೀಚರಮ್ಮನ ಕೋಟಿಗೆ ಎರಡೂ ಎಡಗೈ ತೋಳನ್ನೇ ಕತ್ತರಿಸಿಟ್ಟೆ! ಬಟ್ಟೆ ಕಡಿಮೆ ಇತ್ತೆಂದು ಮಡಿಸದೆ ಒಂದೊಂದೇ ತೋಳು ಕತ್ತರಿಸಿದೆ. ಎರಡನೆಯದಕ್ಕೆ ಅಳತೆಯ ಕಾಗದವನ್ನು ಮಗುಚಿ ಹಾಕಬೇಕಿತ್ತು, ಹಾಕಲಿಲ್ಲ. ಒಂದೇ ಬದಿಗೆ ಹೊಳಪಿರುವ ಬಟ್ಟೆ, ತಿರುಗಿಸಿ ಹೊಲಿಯುವ ಹಾಗೂ ಇಲ್ಲ. ಟೀಚರಮ್ಮನ ತೀರಿಹೋದ ಅಕ್ಕ ಅವರಿಗೆಂದೇ ತಂದಿಟ್ಟಿದ್ದ ಬಟ್ಟೆಯಂತೆ. ಸಂಜೆ ಅವರು ತೊಟ್ಟು ನೋಡಲು ಬರುವವರಿದ್ದರು.

"ಬುದ್ಧಿ ಎಲ್ಲಿ ಹುಲ್ಲು ಮೇಯೋಕೆ ಹೋಗಿತ್ತು? ಕತ್ತೆ! ಗೂಬೆ!" ಬೈಯುತ್ತಿದ್ದುದು ನನ್ನನ್ನೇ ನಾನು, ಅದೂ ಬೆಳಗಿನಿಂದ.

ಗುಂಡಿಯ ಕಾಜ ಹೊಲಿಯುತ್ತಿದ್ದ ನಾದಿನಿ, "ಅತ್ತಿಗೆ, ಊಟನಾದ್ರೂ ಮಾಡಿ" ಎಂದಳು.

"ನನ್ನಂಥವಳಿಗೆ ಊಟ ಬೇರೆ ಕೇಡು! ಇವತ್ತಿಂದ ಕತ್ತರಿ ಮುಟ್ಟಲ್ಲ. ಅಂಗಡಿಗೆ ಬೀಗ ಹಾಕ್ತೀನಿ."

ಹೋದ ತಿಂಗಳು ಇವಳೇ ಇಸ್ತ್ರಿಪೆಟ್ಟಿಗೆ ಮರೆತು ಯಾರದೋ ಪ್ಯಾಂಟು ಸುಟ್ಟಿದ್ದಳು. ಅಳುತ್ತಾ ಮೂಲೆ ಹಿಡಿದವಳಿಗೆ ಚಹಾ ಕೊಟ್ಟು, "ನಡೆಯೋರು ಎಡವದೆ ಕೂತೋರು ಎಡವ್ತಾರೇನೇ?" ಎಂದಿದ್ದೆ. ಈಗ ಅದನ್ನೇ ನನಗೆ ಒಪ್ಪಿಸಲು ಬಂದಳು.

"ಅದು ನಿನಗೆ ಹೇಳಿದ್ದು. ನನ್ನ ವಿಷಯ ಬೇರೆ," ಎಂದು ರೇಗಿದೆ.

"ಹಾಗಾದ್ರೆ ಅವತ್ತು ಹೇಳಿದ್ದೆಲ್ಲ ಬರೀ ಬಾಯಿಮಾತು. ಒಳಗೊಳಗೆ ನನ್ನನ್ನೂ ಕತ್ತೆ, ಗೂಬೆ ಅಂದ್ಕೊಂಡಿರ್ತೀರ."

"ಹುಚ್ಚಿ! ನಿನ್ನನ್ನ ಯಾಕೆ ಹಾಗಂದ್ಕೊಳ್ಲಿ?"

"ಮತ್ತೆ ಇದೇನು? ನಿಮ್ಮ ಬೈಗುಳ ಕೇಳಿ ಕೇಳಿ ನನಗೆ ಕೆಲಸಾನೇ ಓಡ್ತಿಲ್ಲ ಅತ್ತಿಗೆ. ಒಂದು ಕಾಜನೂ ನೆಟ್ಟಗೆ ಬಂದಿಲ್ಲ, ನೋಡಿ."

ನೋಡಿದೆ. ಹೊಲಿಗೆಯೆಲ್ಲ ಸೊಟ್ಟಪಟ್ಟ. ನನ್ನ ಸಿಟ್ಟೇನೂ ಇಳಿಯಲಿಲ್ಲ, ಆದರೆ ಬಾಯಿ ಮುಚ್ಚಿಕೊಂಡೆ. ಉಳಿದ ಚೂರುಗಳನ್ನು ಮೇಜಿನ ಮೇಲೆ ಹರಡಿ ಅಳತೆ ಹಿಡಿದು ನೋಡತೊಡಗಿದೆ.

ಸಂಜೆ ಟೀಚರಮ್ಮ ಬಂದರು. "ತಪ್ಪು ನನ್ನದು," ಎಂದೆ. "ಎರಡೂ ಎಡಗೈ ತೋಳಾಗಿದೆ. ಚೂರುಗಳನ್ನ ಕೂಡಿಸಿ ಬಲಗೈದು ಹೊಲೀಬಹುದು. ಆದ್ರೆ ಮೊಣಕೈ ಹತ್ರ ಜೋಡಣೆ ಕಾಣುತ್ತೆ."

"ಅಕ್ಕನ ಬಟ್ಟೆ ಅಂತ ಬಡ್ಕೊಂಡಿದ್ದೆನಲ್ರೀ! ಅಷ್ಟೂ ಗಮನ ಬೇಡ್ವಾ?" ಎಂದು ಕೂಗಾಡಿದರು. ಬಟ್ಟೆ ಸವರುತ್ತಾ ಅತ್ತರು. ಕೊನೆಗೆ, "ಕೂಡಿಸಿ, ಇನ್ನೇನು ಮಾಡೋಕಾಗುತ್ತೆ" ಎಂದು ಹೊರಟರು.

ಅವರು ಹೇಳಿದ್ದರಲ್ಲಿ ಒಂದು ಮಾತೂ ಅನ್ಯಾಯದ್ದಲ್ಲ. ಎಲ್ಲವನ್ನೂ ನಿಂತು ಕೇಳಿಸಿಕೊಂಡೆ. ಬಾಗಿಲು ಮುಚ್ಚಿದೊಡನೆ ನಾಲಿಗೆ ತುದಿಗೆ ಮತ್ತೊಂದು ಬೈಗುಳ ಬಂತು. ನಾದಿನಿಯ ಸೂಜಿ ಅಲ್ಲೇ ನಿಂತಿತು. ಟೀಚರಮ್ಮ ಬೈದದ್ದೇ ಇಬ್ಬರಿಗೆ ಸಾಲುವಷ್ಟಿತ್ತು. ಅದಕ್ಕೆ ನನ್ನದನ್ನು ಸೇರಿಸದೆ ಕತ್ತರಿ ಎತ್ತಿಕೊಂಡೆ.