ಬಾವಿಯೊಳಗಿನ ಹಂದರ

ಕಾಗೆ ಬಾಯಿ ತೆರೆದುಕೊಂಡೇ ಕೂತಿದೆ, ಕೂಗುವುದಕ್ಕಲ್ಲ, ಉಸಿರಿಗೆ, ಮೆಟ್ಟಿಲುಬಾವಿಯ ಕಟ್ಟೆಯ ಮೇಲೆ ರೆಕ್ಕೆ ಅಗಲಿಸಿ — ಪಾಪ, ಅದಾದರೂ ಎಲ್ಲಿ ಹೋದೀತು ಅಂದುಕೊಂಡಳು ಪಂಪಮ್ಮ, ಮೇಲಿನ ಪಾವಟಿಗೆಯ ಮೇಲೆ ಕೂತು ಸೆರಗನ್ನು ಇನ್ನಷ್ಟು ಮುಂದೆಳೆದುಕೊಂಡು, ಕುಷ್ಟಗಿಯ ದಾರಿ ಇಲ್ಲಿಂದ ಚೆನ್ನಾಗಿ ಕಾಣುತ್ತದೆ, ಕಾಣುತ್ತದೆ ಅಂದರೆ ಏನು, ಬಿಸಿಲು ಕುದಿಯುವುದು ಕಾಣುತ್ತದೆ, ಆ ಕುದಿಯೊಳಗೆ ಒಂದು ಬಂಡಿಯಿಲ್ಲ, ಒಂದೆಳೆ ಧೂಳಿಲ್ಲ. ಹೊತ್ತೇರುವುದರೊಳಗೆ ಬಂದುಬಿಡುತ್ತೇವೆ ಅಂದಿದ್ದರು ಬೀಗರು, ಹೊತ್ತು ನೆತ್ತಿಗೆ ಬರುತ್ತಿದೆ. ಕೆಳಗೆ, ಬಾವಿಯ ತಳದಲ್ಲಿ, ನೀರಿನ ಪಕ್ಕದ ಅಗಲವಾದ ಹಾಸುಗಲ್ಲಿನ ಮೇಲೆ ಮಗಳು ಶೇಖರಮ್ಮ ಅರಿಷಿಣದ ಸೀರೆಯುಟ್ಟು ಕೂತಿದ್ದಾಳೆ, ಬಾಳೆಕಂಬ ಕಟ್ಟಿದೆ, ಮಾವಿನ ತೋರಣ ಇನ್ನೂ ಬಾಡಿಲ್ಲ, ಊರಿನ ಹೆಂಗಸರ ಸೋಬಾನೆ ಕಲ್ಲುಗೋಡೆಗೆ ಬಡಿದು ದುಂಡಗಾಗಿ ಮೇಲೆ ಬರುತ್ತಿದೆ, ನಡುನಡುವೆ ಮಗಳ ದನಿ, ಯವ್ವಾ, ಎಷ್ಟ ಹೊತ್ತ ಅಲ್ಲೇ ಬಿಸಲಾಗ ಕುಂದರ್ತಿ, ಕೆಳಗ ಬಾರಬೇ. ನಾ ಇಲ್ಲೇ ಛಲೋ ಅದೀನಿ ತಾಯಿ, ದಾರಿ ನೋಡಾಕ ಒಬ್ಬರು ಬೇಕಲ್ಲ, ಅಂದಳು ಪಂಪಮ್ಮ, ಅದು ಪೂರ್ತಿ ಸುಳ್ಳೂ ಅಲ್ಲ, ಆದರೆ ಗಂಡ ತೀರಿಕೊಂಡ ಮೇಲೆ ಯಾರ ಮನೆಯ ಹಂದರದೊಳಗೂ ಅವಳು ಕಾಲಿಟ್ಟಿಲ್ಲ, ಯಾರೂ ಬೇಡವೆಂದವರಿಲ್ಲ, ಬಾ ಎಂದವರೂ ಇಲ್ಲ, ತನ್ನ ಮಗಳ ಹಂದರವೆಂದು ಇವತ್ತು ನಿಯಮ ಮುರಿದು ನಾಳೆ ಮಗಳಿಗೆ ಏನಾದರೂ ಆದರೆ — ಬೇಡ, ಇಲ್ಲೇ ಇರುವುದು ಒಳ್ಳೆಯದು, ಇಲ್ಲಿಂದ ಅವಳ ನೆತ್ತಿಯ ಬೈತಲೆ ಕಾಣುತ್ತದೆ, ಸಾಕು.

ಬಾವಿಯಲ್ಲಿ ಮದುವೆಯಂತೆ ಎಂದು ಯಲಬುರ್ಗಿಯ ಸಂತೆಯಲ್ಲಿ ನಕ್ಕರಂತೆ, ನಗಲಿ, ನಗುವವರ ಮನೆಯ ಮಾಳಿಗೆಯ ಮೇಲೆ ಇವತ್ತು ಒಲೆಯಿಲ್ಲದೆ ರೊಟ್ಟಿ ಸುಡಬಹುದು. ಹೋದ ವಾರ ಬಂಡಿಯ ದಾದೇಸಾಬ ಕುಷ್ಟಗಿಯಿಂದ ಸುದ್ದಿ ತಂದಾಗ ಅವಳು ಶಾವಿಗೆ ಒಣಹಾಕುತ್ತಿದ್ದಳು, ಅವನು ತಲೆಗೆ ಸುತ್ತಿದ್ದ ಹಸಿ ವಸ್ತ್ರ ಬಿಚ್ಚಿ ಹಿಂಡಿಕೊಳ್ಳುತ್ತ, ಅವ್ವಾರ, ಹತ್ತಿ ಸಾವುಕಾರ್ರ ಮನ್ಯಾಗಿನ ರೇಡಿಯೋದಾಗ ಹೈದರಾಬಾದಿನಿಂದ ಹೇಳ್ಯಾರ್ರಿ, ನಾನ ಕಿವಿಯಾರೆ ಕೇಳೀನಿ, ರಾಯಚೂರು ಜಿಲ್ಲಾ ಪೂರಾ ಇನ್ನೂ ಹದಿನೈದು ದಿನ ಬಿಸಿಗಾಳಿ ಕಮ್ಮಿ ಆಗಂಗಿಲ್ಲಂತ, ಮಳಿ ಹೆಸರ ಇಲ್ಲಂತ, ಮುದುಕರು ಹೊರಗ ಬರಬ್ಯಾಡ್ರಿ ಅಂತ ಉರ್ದೂದಾಗ ಹೇಳಿದರು, ನಾ ಗಾದಿಲಿಂಗಪ್ಪನವರಿಗೆ ಕನ್ನಡದಾಗ ತಿಳಿಸಿದೆ, ತಿಳಿಸಿದ್ದ ತಪ್ಪಾತು ನೋಡ್ರಿ, ಅವರು ಮದವಿ ಮುಂದ ಹಾಕೋಣು ಅನ್ನಾಕತ್ಯಾರ. ಗಾದಿಲಿಂಗಪ್ಪ ಅಂದರೆ ವರ ಉಮಾಪತಿಯ ದೊಡ್ಡಪ್ಪ, ಆ ಮನೆಯ ಯಜಮಾನ, ಅವರ ಮಾತೇ ಕಡೆಯ ಮಾತು. ಮುಂದೆ ಹಾಕುವುದು, ಆ ಎರಡು ಶಬ್ದ ಕಿವಿಗೆ ಬಿದ್ದದ್ದೇ ಪಂಪಮ್ಮನಿಗೆ ಅಕ್ಕ ನೆನಪಾದಳು, ಪ್ಲೇಗಿನ ವರ್ಷ ಅಕ್ಕನ ಮದುವೆಯನ್ನೂ ಹೀಗೇ ಮುಂದೆ ಹಾಕಿದ್ದರು, ಮುಂದಿನ ವರ್ಷ ಅಂದರು, ಸುಗ್ಗಿಗೆ ಅಂದರು, ಆಮೇಲೆ ಆ ಹುಡುಗನಿಗೆ ಮಗು ಹುಟ್ಟಿತೆಂಬ ಸುದ್ದಿಯೇ ಬಂತು, ಅಕ್ಕ ಮದುವೆಗೆಂದು ತಂದಿಟ್ಟಿದ್ದ ಸೀರೆಯನ್ನು ಕೌದಿಗೆ ಹೊಲಿದಳು, ಹೊಲಿಯುವಾಗ ಅಳಲಿಲ್ಲ, ಹಾಡು ಗುನುಗುತ್ತಿದ್ದಳು, ಅದನ್ನು ನೋಡುವುದಕ್ಕಿಂತ ಅತ್ತಿದ್ದರೇ ವಾಸಿಯಿತ್ತು. ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬರು ಉಮಾಪತಿಗೆ ತಮ್ಮ ಮಗಳನ್ನು ಕೊಡಲು ಓಡಾಡುತ್ತಿದ್ದಾರೆಂಬುದೂ ಗೊತ್ತಿತ್ತು, ಶೇಖರಮ್ಮನಿಗೂ ಗೊತ್ತಿತ್ತು, ಅವಳು ಆವತ್ತು ಉಣ್ಣದೆ ಮಲಗಿದಳು.

ಮರುದಿನ ಉರಿಬಿಸಿಲಲ್ಲಿ ನೀರಿಗೆಂದು ಈ ಬಾವಿಗಿಳಿದ ಪಂಪಮ್ಮ ಕೊಡ ತುಂಬಿದ ಮೇಲೂ ಮೇಲೆ ಹತ್ತಲಿಲ್ಲ, ಕಲ್ಲಿಗೆ ಬೆನ್ನು ಕೊಟ್ಟಳು, ಕಲ್ಲು ತಣ್ಣಗೆ, ಕಾಲಡಿ ತಣ್ಣಗೆ, ಮೇಲೆ ಬೆಂಕಿಯ ತುಂಡೊಂದು ಚೌಕಾಗಿ ಕಾಣುತ್ತದೆ, ಇಲ್ಲಿಗೆ ಬರುವುದಿಲ್ಲ, ಇಲ್ಲಿ ನೂರು ಮಂದಿ ಕೂತರೂ ಜಾಗ ಉಳಿಯುತ್ತದಲ್ಲ ಅನ್ನಿಸಿ ಮೈ ಜುಮ್ಮೆಂದಿತು, ಕೊಡ ಅಲ್ಲೇ ಬಿಟ್ಟು ದಾದೇಸಾಬನ ಬಂಡಿ ಹತ್ತಿ ತಾನೇ ಕುಷ್ಟಗಿಗೆ ಹೋದಳು, ಹೆಣ್ಣಿನ ತಾಯಿ ಹಾಗೆ ಹೋಗಬಾರದು, ಹೋದಳು. ಬಾವ್ಯಾಗ ಮದವೀನಽ, ನಿನ್ನ ತಲಿಗೆ ಬಿಸಲ ಹತ್ತೇತೇನ ತಂಗಿ, ಅಂದರು ಗಾದಿಲಿಂಗಪ್ಪ. ಹತ್ತೇತ್ರಿ ಅಣ್ಣಾರ, ಅದಕ್ಕಽ ನೆಳ್ಳು ಹುಡುಕೀನಿ, ಒಮ್ಮೆ ಇಳದು ನೋಡ್ರಿ, ನಿಮಗ ತಂಪು ಅನಿಸಲಿಲ್ಲಂದ್ರ ನೀವು ಹೇಳಿದಂಗ ಮುಂದ ಹಾಕೋಣು, ಅಂದಳು. ಒಳಮನೆಯಿಂದ ಅವರ ಮುದಿತಾಯಿಯ ದನಿ ಬಂತು, ಗಾದಿ, ನಾ ಸತ್ತರ ಆ ತಂಪಿನ್ಯಾಗ ಸಾಯ್ತೀನಿ, ಬಂಡಿ ಕಟ್ಟಸು. ಹಾಗಾಗಿ ಬರುತ್ತೇವೆಂದರು, ಬರುತ್ತಾರೆಂದೇ ಊರೆಲ್ಲ ಸೇರಿ ಹೂಳು ಎತ್ತಿತು, ಪಾವಟಿಗೆ ತೊಳೆಯಿತು, ಈಗ ನೋಡಿದರೆ ದಾರಿ ಖಾಲಿ, ಮುದುಕಿಗೆ ದಾರಿಯಲ್ಲೇ ಏನಾದರೂ ಆಯಿತೇ, ಆದರೆ ಅದು ಯಾರ ತಲೆಗೆ, ನನ್ನ ತಲೆಗೇ, ಮಗಳ ತಲೆಗೆ — ಗೆಜ್ಜೆಯೇ, ಅಲ್ಲ, ಕಿವಿಯೊಳಗಿನ ಗುಂಯ್, ಅಲ್ಲ, ಗೆಜ್ಜೆಯೇ, ಎತ್ತಿನ ಕೊರಳ ಗೆಜ್ಜೆ, ಎಮ್ಮೆಕೆರೆಯ ಏರಿ ಬಳಸಿ ಬಂದಿದ್ದಾರೆ ನೆರಳಿಗೆಂದು, ತಾನು ಬೇರೆ ದಾರಿಯನ್ನೇ ನೋಡುತ್ತ ಕೂತಿದ್ದಳಲ್ಲ!

ಎದ್ದಳು, ಕಣ್ಣು ಕತ್ತಲಿಟ್ಟಿತು, ಮುಂದಿನ ಬಂಡಿಯಲ್ಲಿ ಗಾದಿಲಿಂಗಪ್ಪ ಕೆಂಡದಂಥ ಮುಖ ಮಾಡಿಕೊಂಡು ಇಳಿದರು, ಪಾವಟಿಗೆ ಇಳಿಯತೊಡಗಿದರು, ನಾಲ್ಕು ಇಳಿದು ನಿಂತರು, ಮತ್ತಷ್ಟು ಇಳಿದು ರುಮಾಲು ತೆಗೆದರು, ತಳ ಮುಟ್ಟಿ ನೀರಿನಲ್ಲಿ ಕಾಲು ಬಿಟ್ಟು ಕೂತವರು ಅಲ್ಲಿಂದಲೇ ಕೂಗಿದರು, ಬರ್ರೆಲೇ ಎಲ್ಲಾರೂ, ಸ್ವರ್ಗ ಐತಿಲ್ಲೆ, ಉಮಾಪತಿಗೆ ಬಾಸಿಂಗ ಕಟ್ರಿ! ಬೀಗರೆಲ್ಲ ಗೊಳ್ಳೆಂದು ನಕ್ಕು ಅವಳನ್ನು ದಾಟಿ ಇಳಿದರು, ವರ ಬಗ್ಗಿ ಕಾಲು ಮುಟ್ಟಿ ಇಳಿದ, ಕಡೆಗೆ ಮುದುಕಿ ವಿರೂಪಾಕ್ಷಮ್ಮ ದಾದೇಸಾಬನ ಹೆಗಲು ಹಿಡಿದು ಬಂದಳು, ಬೋಳುಹಣೆ, ಬಿಳಿಸೀರೆ, ನಿಂತು ಪಂಪಮ್ಮನನ್ನು ಮೇಲಿನಿಂದ ಕೆಳಗೆ ನೋಡಿದಳು, ನೀ ಯಾಕ ಇಲ್ಲೆ ನಿಂತಿ. ದಾರಿ ನೋಡಾಕತ್ತಿದ್ದೆ ಅಮ್ಮಾರ. ಬಂದೀವಲ್ಲ, ಇನ್ನೇನ ನೋಡ್ತಿ, ಇಷ್ಟ ಮಂದೀನ ತಣ್ಣಗಿಟ್ಟಾಕಿ ನೀ ಒಬ್ಬಾಕಿ ಬೇಯಬೇಕಂತ ಯಾವ ದೇವರ ಹೇಳ್ಯಾನ, ನಾನೂ ನಿನ್ನಂಗ ಇದ್ದಾಕಿನ, ಮೊಮ್ಮಗನ ಮದವಿ ನೋಡಾಕ ಬಂದೀನಿ, ಹಿಡಿ ಕೈಯಿ, ನೀ ಹಿಡೀಲಿಲ್ಲಂದ್ರ ನಾ ಬೀಳ್ತೀನಿ. ಹಿಡಿದಳು, ಹಿಡಿಯದೆ ಏನು ಮಾಡುವುದು, ಒಣಗಿದ ಕೈ, ಗಟ್ಟಿ ಹಿಡಿತ, ಇಬ್ಬರೂ ಇಳಿದರು, ಬಿಸಿಲು ಮೊದಲು ಮುಖದಿಂದ ಹೋಯಿತು, ಆಮೇಲೆ ಹೆಗಲಿನಿಂದ, ಆಮೇಲೆ ಬೆನ್ನಿನಿಂದ, ಸೋಬಾನೆ ಈಗ ಕೆಳಗಿನಿಂದ ಬರುತ್ತಿಲ್ಲ, ಸುತ್ತಲಿಂದ ಬರುತ್ತಿದೆ, ಅಯ್ಯನವರು ಮಂತ್ರ ಮುಗಿಸಿ ಕೈಯೆತ್ತಿದರು, ಮುದುಕಿ ಅವಳ ಮುಷ್ಟಿಯೊಳಗೆ ಅಕ್ಷತೆ ತುರುಕಿ, ಒಗಿ, ಅಂದಳು, ಒಗಿ ಅಂದ್ರ, ನಿನ್ನ ಮಗಳು. ಯಾರಾದರೂ ಏನಾದರೂ ಅಂದಾರೆಂದು ಸುತ್ತ ನೋಡಿದಳು, ಯಾರೂ ಏನೂ ಅನ್ನಲಿಲ್ಲ, ಕೈ ತಾನಾಗಿ ಎದ್ದಿತು, ಶೇಖರಮ್ಮ ಮುಖವೆತ್ತಿ ಅವ್ವನನ್ನು ನೋಡಿದಳು, ಎಲ್ಲರೊಳಗೆ ಅವ್ವನನ್ನೇ, ಅತ್ತು ಒದ್ದೆಯಾದ ಅವಳ ಕೆನ್ನೆಗೆ ಒಂದು ಅಕ್ಕಿಕಾಳು ಅಂಟಿಕೊಂಡಿತು, ಅರಿಷಿಣದ ಒಂದೇ ಕಾಳು, ಅದು ತನ್ನ ಕೈಯದೇ, ಹೌದು, ತನ್ನ ಕೈಯದೇ, ಒರೆಸಿಕೊಳ್ಳಲಿಲ್ಲ ಹುಡುಗಿ, ನಗುತ್ತಿದ್ದಾಳೆ, ನಕ್ಕರೂ ಬೀಳಲಿಲ್ಲ, ಆ ಕಾಳು, ಕೆನ್ನೆಯ ಮೇಲೆ, ಆ ಹಳದಿ ಕಾಳು —